ಹೊಳೆಯಡಿಯ ಒಳಚರಂಡಿ ಕೊಳವೆ: ದುರಸ್ತಿಗೆ ಮುನ್ನ ಎರಡು ಕಾಲದ ಅಳತೆ

ಪಾಲಹಳ್ಳಿಯ ಮಗ್ಗುಲಲ್ಲಿ ಹರಿಯುವ ಕಾವೇರಿಯ ಮಟ್ಟವನ್ನು ಮಳೆಯ ಜೊತೆಗೆ ಕನ್ನಂಬಾಡಿ ಕಟ್ಟೆಯ ಗೇಟುಗಳೂ ನಿರ್ಧರಿಸುತ್ತವೆ. ಕಟ್ಟೆ 124.80 ಅಡಿ ತುಂಬಿ ಹೊಳೆಗೆ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗುತ್ತವೆ. ಬೇಸಿಗೆಯಲ್ಲಿ ಅದೇ ಪಾತ್ರದಲ್ಲಿ ಬಂಡೆಗಳು ಎದ್ದು ಕಾಣುತ್ತವೆ. ಇಂಥ ಪಾತ್ರದಡಿ ಹಾಯುವ ಹಳೆಯ ಒಳಚರಂಡಿ ಕೊಳವೆಯನ್ನು ಒಂದೇ ಕಾಲದಲ್ಲಿ ಪರೀಕ್ಷಿಸಿ ದುರಸ್ತಿ ಮಾಡಿದರೆ ಅರ್ಧ ದೋಷ ಉಳಿದೇ ಹೋಗುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಹೊಳೆಯ ಮೇಲೆ ನೀರು ದಾಟಿಸುವ ವಿದ್ಯೆ ಈ ಸೀಮೆಗೆ ಹಳೆಯದು. ರಣಧೀರ ಕಂಠೀರವ ನರಸರಾಜ ಒಡೆಯರ (ಆಳ್ವಿಕೆ 1638–1659) ಕಾಲದ್ದೆನ್ನುವ ಬಂಗಾರದೊಡ್ಡಿ ನಾಲೆ ಮೇಲ್ಗಾಲುವೆಯ ಮೂಲಕ ಕಾವೇರಿಯ ಕವಲನ್ನು ದಾಟಿ ಶ್ರೀರಂಗಪಟ್ಟಣದ ದ್ವೀಪ ಸೇರುತ್ತದೆ. ಅಲ್ಲಿ ಸೋರಿಕೆ ಕಣ್ಣಿಗೆ ಬೀಳುತ್ತದೆ. ಕೊಳಚೆಯ ಕೊಳವೆಯಾದರೋ ಒಂದು ದಡದಲ್ಲಿ ಇಳಿದು, ತಳದಡಿ ಹಾದು, ಮತ್ತೊಂದು ದಡದಲ್ಲಿ ಏರುತ್ತದೆ. ಎಂಜಿನಿಯರುಗಳು ಇದನ್ನು ಇನ್ವರ್ಟೆಡ್ ಸೈಫನ್ ಎನ್ನುತ್ತಾರೆ. ಇದರ ಸೋರಿಕೆ ಯಾರಿಗೂ ಕಾಣದು.

ಸವೆತದ ಜಾಗಗಳೂ ಬೇರೆಬೇರೆ. ತಗ್ಗಿನ ಭಾಗ ಸದಾ ತುಂಬಿರುವುದರಿಂದ ಅಲ್ಲಿ ಗಾಳಿಯಿಲ್ಲ, ಆಮ್ಲದ ಕಾಟ ಕಡಿಮೆ. ಆದರೆ ಹರಿವಿನ ವೇಗ ಸೆಕೆಂಡಿಗೆ ಸುಮಾರು 1 ಮೀಟರ್ ಇರದಿದ್ದರೆ ಮರಳು ಕೂತು ತಳ ಉಜ್ಜುತ್ತದೆ, ಜಾಯಿಂಟುಗಳು ಸಡಿಲಗೊಳ್ಳುತ್ತವೆ. ಕೊಳೆತ ನೀರು ಮೇಲೆದ್ದು ಕಲಕುವ ಹೊರದಡದ (ಕೊಳವೆ ಏರುವ ದಡದ) ಚೇಂಬರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಹೊರಬರುತ್ತದೆ. ತೇವದ ಗೋಡೆಯ ಮೇಲಿನ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಮ್ಲವಾಗಿಸುತ್ತದೆ; ಕಾಂಕ್ರೀಟು ಮೆತ್ತಗಾಗಿ ಬೆರಳಿಗೆ ಉದುರುತ್ತದೆ.

ಇನ್ನು ಕೊಳವೆಯಲ್ಲಿ ಬಿಟ್ಟ ಬಿರುಕಿನ ವರ್ತನೆ. ಹೊಳೆಯ ಮಟ್ಟ ಚೇಂಬರಿನ ನೀರಿಗಿಂತ ಮೇಲಿದ್ದರೆ ಹೊಳೆನೀರು ಕೊಳವೆಗೆ ನುಗ್ಗಿ, ಪಂಪಿಗೂ ಶುದ್ಧೀಕರಣ ಘಟಕಕ್ಕೂ ಹೊರೆಯಾಗುತ್ತದೆ. ಕೆಳಗಿದ್ದರೆ ಅದೇ ಬಿರುಕಿನಿಂದ ಕೊಳಚೆ ಹೊಳೆಗೆ ಸೇರುತ್ತದೆ. ಎರಡನೆಯದು ನಡೆಯುವುದು ಬೇಸಿಗೆಯಲ್ಲಿ, ಕೊಳೆಯನ್ನು ತಿಳಿಗೊಳಿಸಲು ಹರಿವು ಸಾಲದಾದಾಗ. ರಂಗನತಿಟ್ಟಿನ ಹಕ್ಕಿಗಳು ಮರಿ ಮಾಡುವುದೂ ಆಗಲೇ. 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸಾರ್ ತಾಣವಾದ ಜಾಗವಿದು. ಕೆಳಗೆ ಪಶ್ಚಿಮವಾಹಿನಿಯಲ್ಲಿ ಜನ ಮುಳುಗಿ ಏಳುತ್ತಾರೆ.

ಆದ್ದರಿಂದ ಮುಂಗಾರಿನಲ್ಲಿ ಎರಡೂ ಚೇಂಬರುಗಳ ನೀರಿನ ವಿದ್ಯುತ್‌ವಾಹಕತೆಯನ್ನು, ನೀರು ಹಾದುಬರುವ ಸಮಯ ಲೆಕ್ಕಹಾಕಿ, ಹೋಲಿಸಬೇಕು. ಲವಣ ಹೆಚ್ಚಿರುವ ಕೊಳಚೆಯ ವಾಹಕತೆ ಹೊರದಡದಲ್ಲಿ ಮಾತ್ರ ಇಳಿದಿದ್ದರೆ ನಡುವೆ ಹೊಳೆನೀರು ಬೆರೆತಿದೆ ಎಂದರ್ಥ. ಬೇಸಿಗೆಯಲ್ಲಿ ಹರಿವನ್ನು ಪಂಪಿನಿಂದ ಬೇರೆಡೆಗೆ ಸಾಗಿಸಿ, ಎರಡೂ ಬಾಯಿ ಬಿಗಿದು, ಕೊಳವೆಗೆ ಒಳ್ಳೆಯ ನೀರು ತುಂಬಿ ಮಟ್ಟ ಇಳಿಯುವುದನ್ನು ನೋಡಬೇಕು. ಕ್ಯಾಮೆರಾ ಬಿರುಕನ್ನು ತೋರಿಸೀತು. ಅದು ಎಷ್ಟು ಸೋರುತ್ತದೆಂದು ಈ ಅಳತೆಗಳೇ ಹೇಳಬೇಕು.

ಪಾತ್ರ ಅಗೆಯದೆ ದುರಸ್ತಿ ಮಾಡುವ ದಾರಿಯಿದೆ. ರಾಳ ಹೀರಿದ ಬಟ್ಟೆಯ ಕೊಳವೆಯನ್ನು ಹಳೆಯದರೊಳಗೆ ತೂರಿಸಿ ಗಟ್ಟಿಗೊಳಿಸುವ ವಿಧಾನ 1971ರಲ್ಲಿ ಲಂಡನ್ನಿನಲ್ಲಿ ಮೊದಲು ಬಳಕೆಗೆ ಬಂತು. ಹೊಳೆಯಡಿ ಒಂದು ಎಚ್ಚರ ಬೇಕು: ಹೊರಗಿನ 5 ಮೀಟರ್ ನೀರು ಚದರ ಮೀಟರಿಗೆ ಸುಮಾರು 5 ಟನ್ ಒತ್ತುತ್ತದೆ. ಖಾಲಿ ಕೊಳವೆಯಲ್ಲಿ ಹಸಿ ರಾಳವನ್ನು ಒಳನುಗ್ಗುವ ನೀರು ತೊಳೆಯದಂತೆ ಮೊದಲು ಸೋರಿಕೆ ಮುಚ್ಚಬೇಕು, ಹೊದಿಕೆಯ ದಪ್ಪವನ್ನು ನೆರೆಯ ಮಟ್ಟಕ್ಕೆ ಲೆಕ್ಕಹಾಕಬೇಕು. ಚೇಂಬರಿನ ಹೂಳನ್ನು ಯಂತ್ರವೇ ತೆಗೆಯಬೇಕು; ಆ ವಿಷಗಾಳಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಗೂ ಮನುಷ್ಯತ್ವಕ್ಕೂ ವಿರುದ್ಧ.

ಕೆಲಸಕ್ಕೆ ಬೇಸಿಗೆಯೇ ಸರಿಯಾದ ಕಾಲ. ಆದರೆ ಮುಂದಿನ ಮುಂಗಾರಿನಲ್ಲಿ ವಾಹಕತೆಯ ಪರೀಕ್ಷೆ ಮತ್ತೊಮ್ಮೆ ನಡೆದು ಎರಡೂ ದಡದ ಅಂಕಿ ತಾಳೆಯಾಗುವವರೆಗೆ ಗುತ್ತಿಗೆಯ ಕೊನೆಯ ಬಿಲ್ಲು ಪಾಸಾಗಬಾರದು.