ಯೋಗ್ಯಾವಿಧಿಯೂ ಶಸ್ತ್ರವೈದ್ಯದ ಅಧ್ಯಾಪನವೂ

ಶಸ್ತ್ರವೈದ್ಯವನ್ನು ಕ್ರಮವಾಗಿ ಕಲಿಸುವ ಪದ್ಧತಿಯು ನಮ್ಮಲ್ಲಿಗೆ ಪಾಶ್ಚಾತ್ಯರಿಂದಲೇ ಬಂದಿತೆಂದು ಹಲವರು ಭಾವಿಸಿರುವರು. ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವನ್ನು ನೋಡಿದವರು ಹೀಗೆನ್ನಲಾರರು. ಸಕಲ ಶಾಸ್ತ್ರವನ್ನು ಓದಿದ ಶಿಷ್ಯನಾದರೂ ಕೈಯ ಅಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅಯೋಗ್ಯನೆಂಬುದು ಅಲ್ಲಿಯ ಸಿದ್ಧಾಂತ. ಆದುದರಿಂದ ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳಲ್ಲಿ ಛೇದನವನ್ನೂ, ನೀರು ತುಂಬಿದ ಚರ್ಮದ ಚೀಲಗಳಲ್ಲಿ ಭೇದನವನ್ನೂ, ಬಟ್ಟೆಯ ಅಂಚುಗಳಲ್ಲಿ ಸೀವನವನ್ನೂ ಕಲಿಸತಕ್ಕದ್ದೆಂದು ವಿಧಿಸಿದೆ. ಇದೇ ಯೋಗ್ಯಾವಿಧಿ.

ಅಧ್ಯಾಪನವೂ ಚಿಕಿತ್ಸೆಯೂ ಒಂದೆಡೆ ನೆಲಸಿದುದಕ್ಕೆ ಕರ್ಣಾಟಕದಲ್ಲಿಯೇ ಶಾಸನಪ್ರಮಾಣವುಂಟು. ಬಳ್ಳಿಗಾವೆಯ ಕೋಡಿಯ ಮಠದ ಕ್ರಿ. ಶ. 1162ರ ಶಾಸನವು ಆ ಮಠವನ್ನು ವೇದವ್ಯಾಕರಣಾದಿಗಳ ವ್ಯಾಖ್ಯಾನಸ್ಥಾನವೆಂದೂ ರೋಗಿಗಳ ಚಿಕಿತ್ಸಾಸ್ಥಾನವೆಂದೂ ವರ್ಣಿಸುತ್ತದೆ. ಆದರೆ ಶಸ್ತ್ರಕರ್ಮದ ಮಾತನ್ನು ಅದರ ಮೇಲೆ ಹೊರಿಸುವುದು ಸಾಧುವಲ್ಲ.

ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಹಾಸನಕ್ಕೆ ಅಂತಹ ವಿದ್ಯಾಲಯವು ಬಂದುದು 2006ರಲ್ಲಿ. ಬೇಲೂರು ಸೀಮೆಯ ಗೆಂಡೆಹಳ್ಳಿಯ ರೋಗಿಗೆ, ಶಸ್ತ್ರವೈದ್ಯವನ್ನು ಕಲಿಸುವ ಆಚಾರ್ಯನೇ ತನ್ನ ಜಿಲ್ಲೆಯಲ್ಲಿ ದೊರೆಯುವಂತಾದುದು ಅಂದಿನಿಂದ.

ಮೇಲಣ ಅಧ್ಯಾಯವನ್ನು ನಾನು ಪಾಠಶಾಲೆಯ ದಿನಗಳಲ್ಲಿ ಪದಚ್ಛೇದ, ಅನ್ವಯಗಳೊಡನೆ ಗುರುಗಳಿಗೆ ಒಪ್ಪಿಸಿದ್ದೆನು. ಒಂದು ಸೋರೆಕಾಯಿಯನ್ನಾದರೂ ಕೊಯ್ದವನಲ್ಲ. ಗ್ರಂಥವನ್ನು ಕಾಪಾಡಿದವರು ಪಂಡಿತರೆಂಬುದು ನಿಜವೇ. ಆದರೆ ಶಿಷ್ಯನ ಕೈಯನ್ನು ಮೊದಲು ತಿದ್ದಿ, ಆಮೇಲೆ ರೋಗಿಯ ಬಳಿಗೆ ಕಳುಹಿಸುವ ಆ ವಿಧಿಯು ಇಂದು ನಡೆಯುತ್ತಿರುವುದು ವೈದ್ಯವಿದ್ಯಾಲಯಗಳಲ್ಲಿ. ಸುಶ್ರುತನ ಪರಂಪರೆಯು ಯಾರದೆಂದು ವಾದಿಸುವ ಮುನ್ನ ನಾವು ಇದನ್ನು ಒಪ್ಪಿಕೊಳ್ಳುವುದು ನ್ಯಾಯ.