ಕ್ಯಾಮೆರಾ ಡಯಲಿನ ಪೂರ್ವೋತ್ತರ

ಡಿಜಿಟಲ್ ಕ್ಯಾಮೆರಾದ ಡಯಲನ್ನು ಬಲಕ್ಕೆ ತಿರುಗಿಸಿದಾಗ ಪರದೆಯ ಮೇಲಿನ ಅಂಕಿ ಮುಂದೆ ಸರಿಯದೆ ಹಿಂದಕ್ಕೆ ಜಿಗಿಯುವುದೂ, ಇಲ್ಲವೆ ಎರಡು ಮೂರು ಹಲ್ಲು ತಿರುಗುವವರೆಗೆ ಸುಮ್ಮನಿದ್ದು ಆಮೇಲೆ ಒಮ್ಮೆಗೇ ಹಾರುವುದೂ ರಿಪೇರಿ ಮಾಡುವವರಿಗೆಲ್ಲ ಚಿರಪರಿಚಿತವಾದ ದೋಷ. ಇದರ ಮೂಲವನ್ನರಿಯಬೇಕಾದರೆ ಡಯಲು ಬೆಳೆದುಬಂದ ಬಗೆಯನ್ನು ತಿಳಿಯುವುದು ಅವಶ್ಯ. ಏಕೆಂದರೆ ಹಳೆಯ ಯಂತ್ರಗಳಿಗೆ ಈ ವ್ಯಾಧಿ ಇರಲೇ ಇಲ್ಲ.

ವೆಟ್ಜ್‌ಲಾರಿನ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕನು ರೂಪಿಸಿ, 1925ರ ಲೈಪ್‌ಜಿಗ್ ವಸಂತಮೇಳದಲ್ಲಿ ಜನರ ಕಣ್ಣಿಗೆ ಬಿದ್ದ ಲೈಕಾ ಕ್ಯಾಮೆರಾದಲ್ಲಿ ಡಯಲೆಂಬುದು ಶಟರಿನ ಅಂಗವೇ ಆಗಿದ್ದಿತು. ಫಿಲ್ಮನ್ನು ಸುತ್ತಿಯಾದ ಮೇಲೆ ಡಯಲನ್ನು ಬೆರಳತುದಿಗಳಿಂದ ಮೇಲಕ್ಕೆತ್ತಿ, ಬೇಕಾದ ವೇಗದ ಅಂಕಿಗೆ ಹೊಂದಿಸಿ, ಮತ್ತೆ ಕೆಳಗೆ ಕೂರಿಸಬೇಕು. ಗುಂಡಿಯೊತ್ತಿದೊಡನೆ ಒಳಗೆ ಬಟ್ಟೆಯ ಪರದೆಗಳು ಓಡುವಾಗ ಹೊರಗೆ ಡಯಲೂ ಗಿರ್ರನೆ ತಿರುಗುವುದು, ಆ ಕ್ಷಣದಲ್ಲಿ ಬೆರಳು ತಗುಲಿದರೆ ಶಟರಿನ ಓಟವೇ ಕೆಡುವುದು. 1933ರ ಲೈಕಾ ಮೂರರಲ್ಲಿ ಮಂದಗತಿಗಳಿಗೆಂದು ಮುಂಭಾಗದಲ್ಲಿ ಎರಡನೆಯ ಡಯಲು ಬಂದಿತು. 1954ರ ಎಂ3ರಲ್ಲಿ ಎರಡೂ ಒಂದಾಗಿ, ಶಟರ್ ಓಡುವಾಗ ಕದಲದೆ ನಿಲ್ಲುವ ಡಯಲು ಸಿದ್ಧವಾಯಿತು. ಆ ಯಂತ್ರಗಳಲ್ಲಿ ಗ್ರೀಸು ಗಟ್ಟಿಯಾದರೆ, ಸ್ಪ್ರಿಂಗು ಸೋತರೆ ವೇಗ ತಪ್ಪುತ್ತಿತ್ತು. ಆದರೆ ಡಯಲಿನ ಅಂಕಿ ತಾನಾಗಿ ಬದಲಾಗುತ್ತಿರಲಿಲ್ಲ.

ವಿದ್ಯುನ್ಮಾನವು ಕ್ಯಾಮೆರಾದೊಳಗೆ ನೆಲೆಯೂರಿದ ಮೇಲೆ ಈ ನೇರಸಂಬಂಧವು ಕಡಿದುಹೋಯಿತು. 1985ರ ಮಿನೋಲ್ಟಾ 7000 ಡಯಲನ್ನು ತೆಗೆದುಹಾಕಿ ಒತ್ತುಗುಂಡಿಗಳನ್ನಿರಿಸಿತು. ಮರುವರ್ಷ ಬಂದ ಕ್ಯಾನನ್ ಟಿ90, ಶಟರ್ ಗುಂಡಿಯ ಹಿಂದೆ, ತೋರುಬೆರಳಿಗೆ ಸಿಕ್ಕುವಂತೆ, ಅಂಕಿಗಳೇ ಇಲ್ಲದ ಒಂದು ಚಕ್ರವನ್ನು ತಂದಿತು. 1989ರ ಇಒಎಸ್-1ರ ಬೆನ್ನಿನ ಮೇಲೆ ಹೆಬ್ಬೆರಳಿಗೆಂದು ಇನ್ನೊಂದು ಚಕ್ರವೂ ಸೇರಿತು. ಡಿಜಿಟಲ್ ಕ್ಯಾಮೆರಾಗಳು ಈ ವಿನ್ಯಾಸವನ್ನೇ ಪಿತ್ರಾರ್ಜಿತವೆಂಬಂತೆ ಸ್ವೀಕರಿಸಿದವು.

ಈ ಚಕ್ರವು ತಾನಾಗಿ ಯಾವ ಕಾರ್ಯವನ್ನೂ ಮಾಡದು, ಸುದ್ದಿಯನ್ನಷ್ಟೆ ಒಯ್ಯುವುದು. ಸಾಮಾನ್ಯ ರಚನೆಯಲ್ಲಿ, ಅದರಡಿಯ ತಟ್ಟೆಯ ಮೇಲೆ ಲೋಹದ ಸಣ್ಣ ನಾಲಗೆಗಳು ಉಜ್ಜುತ್ತ ಎರಡು ಸಂಪರ್ಕಗಳನ್ನು ಒಂದರ ಹಿಂದೊಂದರಂತೆ ಕೂಡಿಸಿ ಬಿಡಿಸುವುವು. ಯಾವುದು ಮೊದಲು ಕೂಡಿತೆಂಬುದರಿಂದಲೇ ಚಕ್ರವು ಎತ್ತ ತಿರುಗಿತೆಂಬುದನ್ನು ಕ್ಯಾಮೆರಾ ಊಹಿಸಿಕೊಳ್ಳುವುದು. ಒಮ್ಮೆಗೆ ಒಂದೇ ಸಂಕೇತ ಬದಲಾಗುವ ಈ ಕ್ರಮವು, ಬೆಲ್ ಪ್ರಯೋಗಶಾಲೆಯ ಫ್ರಾಂಕ್ ಗ್ರೇ 1953ರಲ್ಲಿ ಪೇಟೆಂಟ್ ಪಡೆದ ಸಂಕೇತಪದ್ಧತಿಯ ಅತ್ಯಂತ ಕಿರಿಯ ರೂಪ. ಧೂಳು, ಬೆವರಿನ ಜಿಡ್ಡು, ಲೋಹದ ಕಿಲುಬು ಇವುಗಳಿಂದ ಒಂದು ಸಂಪರ್ಕವು ತಡವಾಗಿ ಕೂಡಿದರೆ, ಅಥವಾ ಕೂಡದೇ ಹೋದರೆ, ಅನುಕ್ರಮವೇ ತಪ್ಪುವುದು. ಬಲವು ಎಡವಾಗಿ ತೋರುವುದು ಆಗಲೇ. 2011ರಲ್ಲಿ ಮಾರುಕಟ್ಟೆಗೆ ಬಂದ ಫ್ಯೂಜಿಫಿಲ್ಮ್ ಎಕ್ಸ್100 ಅಂಕಿಗಳುಳ್ಳ ಹಳೆಯ ಮಾದರಿಯ ಡಯಲನ್ನು ಮರಳಿ ತಂದರೂ ಅದರಡಿ ಇರುವುದು ಬಾರ್ನಾಕನ ಯಂತ್ರವಲ್ಲ, ವಿದ್ಯುತ್ಸಂಪರ್ಕವೇ.

ಆದುದರಿಂದ ಪರೀಕ್ಷೆಯೂ ಈ ಚರಿತ್ರೆಯನ್ನನುಸರಿಸಿಯೇ ನಡೆಯತಕ್ಕದ್ದು. ಡಯಲಿಗೆ ಲಾಕ್ ಬಿದ್ದಿಲ್ಲವೆಂದೂ, ಆಗಿನ ಮೋಡಿನಲ್ಲಿ ಅದಕ್ಕೆ ಕೆಲಸವುಂಟೆಂದೂ ಮೊದಲು ಖಚಿತಪಡಿಸಿಕೊಳ್ಳಬೇಕು. ಅನಂತರ ಬ್ಯಾಟರಿಯನ್ನು ತೆಗೆದು, ಧೂಳನ್ನು ಊದಿ, ಚಕ್ರವನ್ನು ಎರಡೂ ಕಡೆಗೆ ಹಲವು ಬಾರಿ ಬೇಗಬೇಗನೆ ತಿರುಗಿಸಬೇಕು. ಇದರಿಂದ ಕೆಲಕಾಲ ಸರಿಹೋಗಿ ಮತ್ತೆ ಕೆಟ್ಟರೆ ತಪ್ಪು ಸಂಪರ್ಕದಲ್ಲಿಯೇ ಇರುವ ಸಂಭವ ಹೆಚ್ಚು. ಕಾಂಟ್ಯಾಕ್ಟ್ ಕ್ಲೀನರನ್ನು ಸುರಿದರೆ ಕೊಳೆಯು ಇನ್ನೂ ಒಳಗಿಳಿಯುವುದು. ಫ್ಲಾಷ್ ಇರುವ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚಲೇಬಾರದು, ಅದರ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು. ರಿಪೇರಿಗೆ ಒಯ್ದಾಗ, ಮೇಲ್ಕವಚವನ್ನೆಲ್ಲ ಬದಲಿಸಬೇಕೆಂದು ಹೇಳಿದರೆ ಒಡನೆಯೇ ಒಪ್ಪದೆ, ಆ ಸಂಪರ್ಕದ ಬಿಡಿಭಾಗವೊಂದನ್ನೇ ಹಾಕಿಕೊಡಲು ಸಾಧ್ಯವೇ ಎಂದು ವಾಚಕರು ದಯವಿಟ್ಟು ಕೇಳಬೇಕು.