ಓವನ್‌ನ ಮೂರು ಗಂಟೆ, ಗುಂಡಿಯ ಒಂದು ರಾತ್ರಿ

1/8

ಓವನ್ 135 ಡಿಗ್ರಿಗೆ ಇಡಿ. ಮಾಂಸಕ್ಕೆ ಮಸಾಲೆ ಸವರಿ. ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ. ಮೂರು ಗಂಟೆ ಮರೆತುಬಿಡಿ. ಆಮೇಲೆ ಸಾಸ್ ಬಳಿದು ಹತ್ತು ನಿಮಿಷ ಜೋರು ಶಾಖ.

ಮನೆಯಲ್ಲೇ ಬಾರ್ಬೆಕ್ಯೂ ರಿಬ್ಸ್, ಅಂದ್ರೆ ಹಂದಿಯ ಪಕ್ಕೆಲುಬು, ಮಾಡೋ ವಿಧಾನ ಇಷ್ಟೇ. ಐದೇ ಸಾಲು. ರೀಲ್ಸ್‌ನಲ್ಲಿ ನೀವೂ ನೋಡಿರ್ತೀರ, ಮೂಳೆ ಹಿಡಿದು ಎಳೆದ್ರೆ ಮಾಂಸ ಬೆಣ್ಣೆ ಥರ ಬಿಟ್ಟುಕೊಂಡು ಬರುತ್ತೆ.

ಈ ಐದು ಸಾಲಲ್ಲಿ ನನ್ನ ಕಣ್ಣು ನಿಲ್ಲೋದು ನಾಲ್ಕನೇದರ ಮೇಲೆ: "ಮೂರು ಗಂಟೆ ಮರೆತುಬಿಡಿ". ಇವತ್ತು ನಾವು ಮರೆಯಬಹುದು, ಯಾಕಂದ್ರೆ ಓವನ್ ನೆನಪಿಟ್ಟುಕೊಳ್ಳುತ್ತೆ. ಓವನ್ ಇಲ್ಲದ ಕಾಲದಲ್ಲಿ ಆ ಬೆಂಕಿ ಮುಂದೆ ಒಬ್ಬ ಮನುಷ್ಯ ಎಚ್ಚರ ಇರಬೇಕಿತ್ತು. ಅವನು ಯಾರು? ಆ ಹೊತ್ತು ಅವನದ್ದೇ ಆಗಿತ್ತಾ? ಈ ಸರಣಿ ಅದರ ಬಗ್ಗೆ.

2/8

ಮೊದಲು ಒಂದು ಸಣ್ಣ ಪ್ರಶ್ನೆ. ಇಷ್ಟೊಂದು ಹೊತ್ತು ಯಾಕೆ ಬೇಕು?

ಪಕ್ಕೆಲುಬಿನ ಸುತ್ತ ಇರೋ ಮಾಂಸ ಗಟ್ಟಿ. ಅದರೊಳಗೆ ಕೊಲಾಜನ್ ಅನ್ನೋ ನಾರಿನಂಥ ಪ್ರೋಟೀನ್ ತುಂಬಿರುತ್ತೆ. ಜೋರು ಉರಿಯಲ್ಲಿ ಬೇಗ ಬೇಯಿಸಿದ್ರೆ ಮಾಂಸದ ನೀರೆಲ್ಲ ಹೋಗುತ್ತೆ, ಕೊಲಾಜನ್ ಮಾತ್ರ ಹಾಗೇ ಉಳಿಯುತ್ತೆ. ಜಗಿದ್ರೆ ರಬ್ಬರ್.

ಆದ್ರೆ ಮಾಂಸದ ಒಳಗಿನ ಶಾಖ 70 ಡಿಗ್ರಿ ದಾಟಿ, ಗಂಟೆಗಟ್ಟಲೆ ಅಲ್ಲಿಂದ ನಿಧಾನವಾಗಿ ಏರ್ತಾ ಹೋದ್ರೆ ಕೊಲಾಜನ್ ಕರಗಿ ಜೆಲಟಿನ್ ಆಗುತ್ತೆ. ಕಾಲು ಸೂಪ್ ಆರಿದ ಮೇಲೆ ಜೆಲ್ಲಿ ಥರ ಗಟ್ಟಿಯಾಗುತ್ತಲ್ಲ, ಅದೇ ಜೆಲಟಿನ್. ಒಳಗೆ 90ರಿಂದ 95 ಡಿಗ್ರಿ ಮುಟ್ಟೋ ಹೊತ್ತಿಗೆ ಮಾಂಸ ಮೂಳೆ ಬಿಡೋಕೆ ಶುರು ಮಾಡುತ್ತೆ.

ಇದನ್ನ ಅವಸರ ಮಾಡೋಕಾಗಲ್ಲ. ಶಾಖ ಹೆಚ್ಚಿಸಿದ್ರೆ ಹೊರಗೆ ಸೀದು ಹೋಗುತ್ತೆ, ಒಳಗೆ ಗಟ್ಟಿಯಾಗೇ ಇರುತ್ತೆ. ಮೃದುವಾದ ರಿಬ್ಸ್ ಅಂದ್ರೆ ಯಾರೋ ಕೊಟ್ಟ ಸಮಯ. ಇದಿಷ್ಟು ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಬನ್ನಿ.

3/8

"ಬಾರ್ಬೆಕ್ಯೂ" ಇಂಗ್ಲಿಷ್‌ನಲ್ಲಿ ಹುಟ್ಟಿದ ಪದ ಅಲ್ಲ. ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳಾದ ಟೈನೊ ಜನರ ಮಾತಿನಿಂದ ಬಂದದ್ದು. ಕೋಲುಗಳನ್ನ ನೆಟ್ಟು ಕಟ್ಟಿದ ಅಟ್ಟಣಿಗೆಗೆ ಆ ಪದ ಬಳಸ್ತಿದ್ರು. ಅದರ ಮೇಲೆ ಮೀನು, ಮಾಂಸ ಇಟ್ಟು ಕೆಳಗಿನ ಸಣ್ಣ ಬೆಂಕಿಯಲ್ಲಿ ಬೇಯಿಸ್ತಿದ್ರು. ಸ್ಪ್ಯಾನಿಷರು ಅದನ್ನ "ಬಾರ್ಬಕೋವಾ" ಅಂತ ಬರೆದುಕೊಂಡ್ರು. ಒವಿಯೆಡೊ ಅನ್ನೋ ಸ್ಪ್ಯಾನಿಷ್ ಲೇಖಕ 1526ರಲ್ಲೇ ಈ ಪದವನ್ನ ಅಚ್ಚಿಗೆ ತಂದ.

ಹಂದಿ ಮಾತ್ರ ಆ ನೆಲದ್ದಲ್ಲ. 1493ರಲ್ಲಿ ಕೊಲಂಬಸ್ ಎರಡನೇ ಸಲ ಹೋದಾಗ ಹಡಗಿನಲ್ಲಿ ಹಂದಿಗಳನ್ನ ಒಯ್ದ. 1539ರಲ್ಲಿ ಡೆ ಸೊಟೊ ಫ್ಲಾರಿಡಾದಲ್ಲಿ ಇಳಿದಾಗಲೂ ಜೊತೆಗೆ ಹಂದಿಗಳಿದ್ವು. ಕೆಲವು ಕಾಡಿಗೆ ಓಡಿ ಹೋಗಿ ಅಲ್ಲೇ ಮರಿ ಹಾಕಿ ಹೆಚ್ಚಿದ್ವು.

ಅದೇ ಹಡಗುದಾರಿಯಲ್ಲಿ ಅಮೆರಿಕದ ಮೆಣಸಿನಕಾಯಿ ಯುರೋಪಿಗೆ ಹೋಯ್ತು, ಅಲ್ಲಿಂದ ಪೋರ್ಚುಗೀಸರ ಕೈಯಲ್ಲಿ ನಮ್ಮ ಕಡೆಗೂ ಬಂತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರ ಊರು ಅಲ್ಲೇ ಎಲ್ಲೋ. ಅಟ್ಟಣಿಗೆ ಟೈನೊ ಜನರದ್ದು, ಹಂದಿ ಯುರೋಪಿನದ್ದು. ಇನ್ನು ರಾತ್ರಿಯೆಲ್ಲಾ ಎಚ್ಚರ ಇರೋ ಕೈಗಳು ಬೇಕಿತ್ತು. ಆ ಕೈಗಳನ್ನ ಆಫ್ರಿಕಾದಿಂದ ಬಲವಂತವಾಗಿ ಎಳೆದು ತಂದ್ರು.

4/8

1769ರಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ದಿನಚರಿಯಲ್ಲಿ ಒಂದು ಸಣ್ಣ ವಿಷಯ ಬರೆದಿಟ್ಟ: ಅಲೆಕ್ಸಾಂಡ್ರಿಯಾದಲ್ಲಿ ಬಾರ್ಬೆಕ್ಯೂಗೆ ಹೋಗಿದ್ದೆ, ರಾತ್ರಿ ಅಲ್ಲೇ ಉಳಿದೆ ಅಂತ. ಅಷ್ಟೇ. ಊಟ ಹಾಕಿದ ಊರು ಇದೆ, ಉಂಡವನ ಹೆಸರು ಇದೆ. ಬೇಯಿಸಿದವರ ಬಗ್ಗೆ ಒಂದಕ್ಷರ ಇಲ್ಲ.

ಆ ಕಾಲದ ವರ್ಜೀನಿಯಾ, ಕ್ಯಾರೊಲಿನಾಗಳಲ್ಲಿ ದೊಡ್ಡ ಕೂಟ ಅಂದ್ರೆ ಬಾರ್ಬೆಕ್ಯೂ. ಚುನಾವಣೆ ಇರಲಿ, ಜುಲೈ 4ರ ಹಬ್ಬ ಇರಲಿ. ನೆಲದಲ್ಲಿ ಉದ್ದ ಗುಂಡಿ ತೋಡಬೇಕು. ಪಕ್ಕದಲ್ಲಿ ಓಕ್, ಹಿಕರಿ ಸೌದೆ ಉರಿಸಿ ಕೆಂಡ ಮಾಡ್ಕೋಬೇಕು. ಆ ಕೆಂಡವನ್ನ ಸಲಿಕೆಯಲ್ಲಿ ಎತ್ತಿ ಗುಂಡಿಗೆ ಹರಡಬೇಕು. ಮೇಲೆ ಅಡ್ಡಲಾಗಿ ಕೋಲು, ಕೋಲಿನ ಮೇಲೆ ಮಾಂಸ. ಈ ಕೆಲಸ ಬಹುಪಾಲು ಗುಲಾಮರಾಗಿದ್ದ ಕಪ್ಪು ಜನರ ಪಾಲಿಗೆ ಬೀಳ್ತಿತ್ತು.

ಅವರಲ್ಲಿ ಒಬ್ಬರ ಮಾತು ನಮಗೆ ಸಿಕ್ಕಿದೆ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಬರಹಗಾರರ ಯೋಜನೆಯೊಂದು, ಗುಲಾಮಗಿರಿ ಕಂಡು ಇನ್ನೂ ಬದುಕಿದ್ದ 2,000ಕ್ಕೂ ಹೆಚ್ಚು ಹಿರಿಯರನ್ನ ಮಾತಾಡಿಸಿ ಬರೆದಿಟ್ಟಿತು. ಸೌತ್ ಕ್ಯಾರೊಲಿನಾದ ವೆಸ್ಲಿ ಜೋನ್ಸ್ ಅವರಲ್ಲೊಬ್ಬರು. ಆಗ ಅವರು 90 ದಾಟಿದ ಮುದುಕ. ಬಾರ್ಬೆಕ್ಯೂ ಹಿಂದಿನ ರಾತ್ರಿ ತಾನು ನಿದ್ದೆ ಮಾಡದೆ ಮಾಂಸ ಕಾಯ್ತಿದ್ದದ್ದನ್ನ ಅವರು ವಿವರವಾಗಿ ಹೇಳಿದ್ದಾರೆ. ಉದ್ದ ಕೋಲಿನ ತುದಿಗೆ ಮೆತ್ತನೆ ಬಟ್ಟೆ ಸುತ್ತಿ, ಅದನ್ನ ಸಾಸ್‌ನಲ್ಲಿ ಅದ್ದಿ, ರಾತ್ರಿಯೆಲ್ಲಾ ಮಾಂಸಕ್ಕೆ ಸವರೋದು, ತಿರುವಿ ಹಾಕೋದು, ಮತ್ತೆ ಸವರೋದು. ವಿನೆಗರ್, ಕರಿಮೆಣಸು, ಕೆಂಪು ಮೆಣಸು, ಉಪ್ಪು, ಬೆಣ್ಣೆ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಇನ್ನೊಂದೆರಡು ಸೊಪ್ಪು: ಇದು ಅವರ ಸಾಸ್.

ಅವರು ಹೇಳಿದ ಇನ್ನೊಂದು ಮಾತು ಗಮನಿಸಿ. ಸಾಸ್ ಕೆಂಡದ ಮೇಲೆ ತೊಟ್ಟಿಕ್ಕಿದಾಗ ಏಳೋ ಹೊಗೆಗೂ ಮಸಾಲೆ ಹತ್ತುತ್ತೆ, ಆ ಹೊಗೆ ತಿರುಗಿ ಮಾಂಸಕ್ಕೆ ಸೇರುತ್ತೆ. ಇದು ಅಡುಗೆಯ ವಿಜ್ಞಾನವೇ. ಗುಂಡಿ ಪಕ್ಕ ಎಷ್ಟೋ ರಾತ್ರಿ ಕೂತು ಕಲಿತದ್ದು. ಆ ರಾತ್ರಿಗಳಿಗೆ ಕೂಲಿ ಇರಲಿಲ್ಲ.

5/8

ಈಗ "ರಿಬ್ಸ್"ಗೆ ಬರೋಣ. ಹಳೇ ಬಾರ್ಬೆಕ್ಯೂನಲ್ಲಿ ಇಡೀ ಹಂದಿಯನ್ನೇ ಬೇಯಿಸ್ತಿದ್ರು. ಬರೀ ಪಕ್ಕೆಲುಬು ಬೇರೆಯಾಗಿ ಬಂದದ್ದು ಕಾರ್ಖಾನೆಯಿಂದ.

19ನೇ ಶತಮಾನದಲ್ಲಿ ಸಿನ್ಸಿನಾಟಿ ನಗರಕ್ಕೆ "ಪೋರ್ಕೊಪೊಲಿಸ್", ಅಂದ್ರೆ ಹಂದಿ ಪಟ್ಟಣ, ಅಂತಲೇ ಅಡ್ಡಹೆಸರು. ಅಲ್ಲಿ ಮಾಂಸಕ್ಕೆ ಉಪ್ಪು ಹಾಕಿ ಮರದ ಪೀಪಾಯಿಗಳಲ್ಲಿ ತುಂಬಿ ಕಳಿಸ್ತಿದ್ರು. ಪಕ್ಕೆಲುಬಿನ ಕಷ್ಟ ಏನಂದ್ರೆ, ಅದು ಬಾಗಿರುತ್ತೆ, ಮೂಳೆ ಜಾಸ್ತಿ, ಮಾಂಸ ಕಮ್ಮಿ. ಪೀಪಾಯಿಯಲ್ಲಿ ಸುಮ್ಮನೆ ಜಾಗ ತಿನ್ನುತ್ತೆ. ಹಾಗಾಗಿ ಕಾರ್ಖಾನೆಯವರು ಅದನ್ನ ಸುತ್ತಮುತ್ತಲ ಜನಕ್ಕೆ ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗೇ ಕೊಡ್ತಿದ್ರು.

1865ರಲ್ಲಿ ಷಿಕಾಗೋದಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಶುರುವಾಯ್ತು. ಆಮೇಲೆ ಐಸ್ ತುಂಬಿದ ರೈಲು ಡಬ್ಬಿಗಳು ಬಂದ್ವು, ಹಸಿ ಮಾಂಸ ದೂರದೂರಿಗೆ ಹೋಗೋಕೆ ಶುರುವಾಯ್ತು. ಆಗಲೂ ಪಕ್ಕೆಲುಬು ಬಡವರ ಕೈಗೆಟುಕೋ ತುಂಡಾಗೇ ಉಳೀತು. ಅಗ್ಗ ಯಾಕೆ? ತಿನ್ನೋ ಹಾಗೆ ಮಾಡೋಕೆ ಹೊತ್ತು ಬೇಕು, ಕೈಗುಣ ಬೇಕು. ಆ ಕೈಗುಣ ಯಾರ ಹತ್ರ ಇತ್ತು ಅಂತ ನಿಮಗೀಗ ಗೊತ್ತು.

6/8

ಸುಮಾರು 1910ರಿಂದ 1970ರವರೆಗೆ 60 ಲಕ್ಷದಷ್ಟು ಕಪ್ಪು ಜನ ಅಮೆರಿಕದ ದಕ್ಷಿಣದ ರಾಜ್ಯಗಳನ್ನ ಬಿಟ್ಟು ಬೇರೆ ಕಡೆಯ ನಗರಗಳಿಗೆ ಹೋದ್ರು. ಇತಿಹಾಸದಲ್ಲಿ ಇದಕ್ಕೆ ಮಹಾವಲಸೆ ಅಂತ ಹೆಸರು. ಗಂಟುಮೂಟೆ ಜೊತೆ ಅಡುಗೆಯೂ ಹೋಯ್ತು.

ಹೆನ್ರಿ ಪೆರಿ ಅನ್ನೋ ಹೆಸರು ನೆನಪಿಟ್ಟುಕೊಳ್ಳಿ. ಟೆನೆಸ್ಸಿ ರಾಜ್ಯದ ಮೆಂಫಿಸ್ ಹತ್ತಿರ ಹುಟ್ಟಿದ ಕಪ್ಪು ಮನುಷ್ಯ. ಹಬೆ ದೋಣಿಗಳ ಅಡುಗೆಮನೆಯಲ್ಲಿ ದುಡಿದು, 1907ರಲ್ಲಿ ಕ್ಯಾನ್ಸಸ್ ಸಿಟಿಗೆ ಬಂದ್ರು. ಮಾರನೇ ವರ್ಷ ಒಂದು ಗಲ್ಲಿಯಲ್ಲಿ ಸ್ಟ್ಯಾಂಡ್ ಇಟ್ಟು, ಓಕ್ ಮತ್ತು ಹಿಕರಿ ಸೌದೆಯಲ್ಲಿ ಬೆಂದ ಮಾಂಸವನ್ನ ನ್ಯೂಸ್‌ಪೇಪರ್‌ನಲ್ಲಿ ಸುತ್ತಿ ಮಾರೋಕೆ ಶುರು ಮಾಡಿದ್ರು. ಅವರ ಸಾಸ್ ತುಂಬಾ ಖಾರ. 1940ರಲ್ಲಿ ಅವರು ತೀರಿಕೊಂಡ ಮೇಲೆ ಕೆಲಸಗಾರ ಚಾರ್ಲಿ ಬ್ರಯಂಟ್ ಅಂಗಡಿ ನಡೆಸಿದ್ರು, ಆಮೇಲೆ ಚಾರ್ಲಿಯ ತಮ್ಮ ಆರ್ಥರ್. ಇವತ್ತು "ಕ್ಯಾನ್ಸಸ್ ಸಿಟಿ ಸ್ಟೈಲ್" ಅಂತ ಜಗತ್ತೆಲ್ಲ ಕರೆಯೋದರ ಬೇರು ಆ ಗಲ್ಲಿಯಲ್ಲಿದೆ.

ಇಲ್ಲಿ ಏನು ಬದಲಾಯ್ತು ಅಂತ ನೋಡಿ. ಗುಂಡಿ ಪಕ್ಕದ ರಾತ್ರಿಗೆ ಮೊದಲು ಕೂಲಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಪೆರಿ ತನ್ನ ಹೊತ್ತಿಗೆ ತಾನೇ ಬೆಲೆ ಕಟ್ಟಿದ್ರು, ಬಾರ್ಬೆಕ್ಯೂ ರಾಜ ಅಂತ ತನ್ನನ್ನ ತಾನೇ ಕರ್ಕೊಂಡ್ರು.

7/8

ಹಾಗಂತ ಕಥೆ ಸುಖಾಂತ್ಯ ಅಂದ್ಕೋಬೇಡಿ.

ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಓಲೀಸ್ ಬಾರ್ಬೆಕ್ಯೂ ಅಂತ ಒಂದು ಹೋಟೆಲ್ ಇತ್ತು. 220 ಜನ ಕೂರೋ ಜಾಗ. 36 ಕೆಲಸಗಾರರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಆದ್ರೆ ಕಪ್ಪು ಗಿರಾಕಿಗಳು ಒಳಗೆ ಕೂತು ತಿನ್ನೋ ಹಾಗಿರಲಿಲ್ಲ. ಬೇಕಾದ್ರೆ ಪಾರ್ಸಲ್ ತಗೊಂಡು ಹೋಗಬೇಕು.

1964ರ ಜುಲೈನಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಇಂಥ ಭೇದ ಮಾಡೋ ಹಾಗಿಲ್ಲ ಅಂತು. ಹೋಟೆಲ್‌ನವರು ಕೋರ್ಟಿಗೆ ಹೋದ್ರು: ನಮ್ಮದು ಊರಿನ ಸಣ್ಣ ವ್ಯಾಪಾರ, ಕೇಂದ್ರ ಸರ್ಕಾರಕ್ಕೆ ಇಲ್ಲೇನು ಕೆಲಸ ಅನ್ನೋದು ಅವರ ವಾದ. ಅಮೆರಿಕದ ಸಂವಿಧಾನದಲ್ಲಿ ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಕೇಂದ್ರದ ಕೈಯಲ್ಲಿದೆ. ಹಾಗಾದ್ರೆ ಈ ಹೋಟೆಲ್‌ಗೂ ಅದಕ್ಕೂ ಏನು ಸಂಬಂಧ?

ಸಂಬಂಧ ಇದ್ದದ್ದು ಮಾಂಸದಲ್ಲಿ. ಹೋಟೆಲ್ ಒಂದು ವರ್ಷಕ್ಕೆ ಸುಮಾರು 1,50,000 ಡಾಲರ್‌ನ ಆಹಾರ ಪದಾರ್ಥ ಕೊಂಡಿತ್ತು. ಅದರಲ್ಲಿ 46% ಮಾಂಸ. ಅದನ್ನ ಮಾರಿದ ವ್ಯಾಪಾರಿ ಬೇರೆ ರಾಜ್ಯದಿಂದ ತರಿಸಿದ್ದ. ಅಂದ್ರೆ ಮಾಂಸ ರಾಜ್ಯದ ಗಡಿ ದಾಟಿ ಬಂದಿತ್ತು. 1964ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಹೋಟೆಲ್ ವಿರುದ್ಧ ತೀರ್ಪು ಕೊಟ್ಟಿತು.

ಯೋಚನೆ ಮಾಡಿ. ಈ ಅಡುಗೆಯನ್ನ ತಲೆತಲಾಂತರದಿಂದ ಕಾಯ್ಕೊಂಡು ಬಂದ ಸಮುದಾಯ, ಅದನ್ನ ಮೇಜಿನ ಮುಂದೆ ಕೂತು ತಿನ್ನೋಕೆ ಸುಪ್ರೀಂ ಕೋರ್ಟ್ ತೀರ್ಪು ಬೇಕಾಯ್ತು. ಆ ತೀರ್ಪಿಗೂ ಆಧಾರ ಆಗಿದ್ದು ಮಾಂಸ ಮಾಡಿದ ಪ್ರಯಾಣ.

8/8

ಈಗ ವಾಪಸ್ ನಿಮ್ಮ ಓವನ್‌ಗೆ. ಆ ಐದು ಸಾಲನ್ನ ಇನ್ನೊಮ್ಮೆ ಓದೋಣ.

135 ಡಿಗ್ರಿ: ಗುಂಡಿಯಲ್ಲಿ ಶಾಖ ನೋಡ್ತಿದ್ದದ್ದು ಬರೀ ಕೈ ಮತ್ತು ಕಣ್ಣು. ಸಲಿಕೆಯಲ್ಲಿ ಇನ್ನೊಂದಿಷ್ಟು ಕೆಂಡ, ಇಲ್ಲಾಂದ್ರೆ ಸ್ವಲ್ಪ ಬೂದಿ. 1910ರ ದಶಕದಲ್ಲಿ ಅಮೆರಿಕದ ಗ್ಯಾಸ್ ಓವನ್‌ಗಳಿಗೆ ಶಾಖ ತಾನಾಗೇ ಹಿಡಿದಿಡೋ ನಿಯಂತ್ರಕ ಬಂತು. ಸಲಿಕೆ ಹಿಡಿದವನ ಕೆಲಸ ಒಂದು ಗುಂಡಿಗೆ ಸೇರಿತು, ಈ ಸಲ ಗುಂಡಿ ಅಂದ್ರೆ ತಿರುಗಿಸೋ ಗುಂಡಿ.

ಮಸಾಲೆ: ಮೊದಲು ಮೂಳೆ ಕಡೆಯ ತೆಳು ಪೊರೆ ಕಿತ್ತು ಹಾಕಿ, ಇಲ್ಲಾಂದ್ರೆ ಮಸಾಲೆ ಒಳಗೆ ಹಿಡಿಯಲ್ಲ. ಉಪ್ಪು, ಬೆಲ್ಲ, ಖಾರದ ಪುಡಿ, ಬೆಳ್ಳುಳ್ಳಿ, ಕರಿಮೆಣಸು ಸಾಕು. ಕರಿಮೆಣಸಿನ ಬಳ್ಳಿ ನಮ್ಮ ಪಶ್ಚಿಮ ಘಟ್ಟದ್ದೇ.

ಫಾಯಿಲ್: ಅಡುಗೆಮನೆಗೆ ಅಂತಲೇ ರೆನಾಲ್ಡ್ಸ್ ರ‍್ಯಾಪ್ ಮಾರುಕಟ್ಟೆಗೆ ಬಂದದ್ದು 1947ರಲ್ಲಿ. ತೆರೆದ ಬೆಂಕಿಯಲ್ಲಿ ಮಾಂಸದ ನೀರು ಆವಿಯಾಗುತ್ತೆ, ಮಾಂಸ ಒಣಗುತ್ತೆ. ಫಾಯಿಲ್ ಸುತ್ತಿದ್ರೆ ಆ ಆವಿ ಒಳಗೇ ಉಳಿಯುತ್ತೆ. ವೆಸ್ಲಿ ಜೋನ್ಸ್ ಅವರ ಕೋಲು-ಬಟ್ಟೆಯ ಅರ್ಧ ಕೆಲಸ ಅದು ಮಾಡುತ್ತೆ. ಉಳಿದರ್ಧ, ಆ ಮಸಾಲೆ ಹತ್ತಿದ ಹೊಗೆ, ಓವನ್‌ನಲ್ಲಿ ಬರೋದಿಲ್ಲ. ಅದಕ್ಕೇ ಕೆಲವರು ಬಾಟಲಿ ಹೊಗೆಯ ಎರಡು ಹನಿ ಹಾಕ್ತಾರೆ. ಸೌದೆ ಹೊಗೆಯನ್ನ ತಣಿಸಿ ದ್ರವ ಮಾಡಿ 1895ರಲ್ಲಿ ಮಾರಾಟಕ್ಕೆ ಇಟ್ಟವನು ಅರ್ನೆಸ್ಟ್ ರೈಟ್ ಅನ್ನೋ ಔಷಧಿ ಅಂಗಡಿಯವನು. ಅವನ ಊರು? ಕ್ಯಾನ್ಸಸ್ ಸಿಟಿ.

ಮೂರು ಗಂಟೆ: ತೆಳು ತುಂಡಾದ್ರೆ ಎರಡೂವರೆ ಗಂಟೆಗೇ ಒಮ್ಮೆ ನೋಡಿ. ಇಕ್ಕಳದಲ್ಲಿ ಒಂದು ತುದಿ ಹಿಡಿದು ಎತ್ತಿ. ಮಧ್ಯದಲ್ಲಿ ಬಾಗಿ ಮಾಂಸ ಬಿರುಕು ಬಿಡೋ ಹಾಗಿದ್ರೆ ಆಯ್ತು ಅಂತ ಅರ್ಥ.

ಸಾಸ್: ಕೊನೆಗೆ ಹಾಕಿ. ಸಕ್ಕರೆ ಇರೋದ್ರಿಂದ ಮೊದಲೇ ಹಾಕಿದ್ರೆ ಸೀದು ಹೋಗುತ್ತೆ.

ಓವನ್ ರಿಬ್ಸ್ ನಕಲಿ ಅಂತ ನಾನು ಹೇಳ್ತಿಲ್ಲ. ರುಚಿಯಾಗೇ ಇರುತ್ತೆ, ಮಾಡಿ, ತಿನ್ನಿ. ಒಬ್ಬ ಮನುಷ್ಯನ ನಿದ್ದೆಗೆಡಿಸದೆ ಮಾಂಸ ಮೃದುವಾಗುತ್ತೆ ಅಂದ್ರೆ ಅದು ಒಳ್ಳೇದೇ. ರೆಸಿಪಿ ಸಣ್ಣದಾಗ್ತಾ ಬಂದ ಹಾಗೆ ಅದರೊಳಗಿದ್ದ ಜನರ ಹೆಸರು ಬಿದ್ದುಹೋಯ್ತು, ಅದನ್ನ ತಿರುಗಿ ಸೇರಿಸಬೇಕು ಅನ್ನೋದಷ್ಟೇ ನನ್ನ ಮಾತು. ಯಾರಾದ್ರೂ "ಅಮೆರಿಕನ್ ಬಾರ್ಬೆಕ್ಯೂ" ಅಂದಾಗ ಟೈನೊ ಜನರನ್ನ, ವೆಸ್ಲಿ ಜೋನ್ಸ್ ಅವರನ್ನ, ಹೆನ್ರಿ ಪೆರಿ ಅವರನ್ನ ಒಮ್ಮೆ ಹೇಳಿ.

ಕೊನೆಗೆ ನಿಮಗೊಂದು ಪ್ರಶ್ನೆ. ನಿಮ್ಮೂರಲ್ಲಿ ಮದುವೆಗೋ ಜಾತ್ರೆಗೋ ರಾತ್ರಿಯೆಲ್ಲಾ ದೊಡ್ಡ ಒಲೆ ಮುಂದೆ ಎಚ್ಚರ ಇರೋರು ಯಾರು? ಊಟ ಹೊಗಳೋವಾಗ ಅವರ ಹೆಸರು ಯಾರಾದ್ರೂ ಹೇಳ್ತಾರಾ? ಕಾಮೆಂಟ್‌ನಲ್ಲಿ ಬರೀರಿ.

#ಅಡುಗೆಯಇತಿಹಾಸ #ಬಾರ್ಬೆಕ್ಯೂ #ಕನ್ನಡದಲ್ಲಿಇತಿಹಾಸ